ಎ ಲೆವೆಲ್ ಟೆಕ್ಸ್‌ಟೈಲ್ಸ್: ಒಂದೇ ಹೊಲಿಗೆ ಹಿಡಿದು ಮಾಡಿದ ಪ್ರಾಜೆಕ್ಟ್

ಇಂಗ್ಲೆಂಡಿನಲ್ಲಿ ಎ ಲೆವೆಲ್‌ಗೆ (ನಮ್ಮ ಪಿಯುಸಿ ಥರ) ಟೆಕ್ಸ್‌ಟೈಲ್ ಡಿಸೈನ್ ಓದಿದಾಗ ನನ್ನ ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದು ಧಾರವಾಡದ ಕಸೂತಿ. ಅದರಲ್ಲೂ ಗವಂತಿ ಹೊಲಿಗೆ ಒಂದನ್ನೇ. ವಿಷಯ ಇಷ್ಟು ಸಣ್ಣದಾದರೆ ಸಾಕಾ ಅಂತ ಗೆಳತಿಯರು ಕೇಳಿದರು. ಸಣ್ಣದಾಗಿದ್ದಕ್ಕೇ ಆಳಕ್ಕೆ ಇಳಿಯಲು ಆಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ನಾನು ಓದಿದ ಎಕ್ಯೂಎ ಎಂಬ ಪರೀಕ್ಷಾ ಬೋರ್ಡಿನಲ್ಲಿ ಶೇ. 60 ಅಂಕ ನಾವೇ ಆರಿಸಿದ ಪ್ರಾಜೆಕ್ಟಿಗೆ, ಶೇ. 40 ಬೋರ್ಡ್ ಕೊಡುವ ವಿಷಯಕ್ಕೆ. ಪ್ರಾಜೆಕ್ಟಿನ ಜೊತೆ 1,000ದಿಂದ 3,000 ಪದಗಳ ಬರಹವೂ ಬೇಕು. ಅಂಕ ಕೊಡಲು ನಾಲ್ಕು ಅಳತೆ: ಯೋಚನೆ ಬೆಳೆಸಿದ್ದು, ಬೇರೆ ಬೇರೆ ಸಾಮಾನು ಬಳಸಿ ನೋಡಿದ್ದು, ದಾಖಲಿಸಿದ್ದು, ಕೊನೆಯ ಕೆಲಸ. ನಾಲ್ಕಕ್ಕೂ ಸಮ ಅಂಕ. ಅಂದರೆ ಕೊನೆಯ ಬಟ್ಟೆ ಎಷ್ಟೇ ಚೆಂದ ಇದ್ದರೂ ಅದರ ಪಾಲು ಕಾಲು ಭಾಗ ಅಷ್ಟೇ. ಉಳಿದದ್ದೆಲ್ಲ ಸ್ಕೆಚ್‌ಬುಕ್ಕಿನಲ್ಲೇ ಕಾಣಬೇಕು.

ಗವಂತಿಯಲ್ಲಿ ಬಟ್ಟೆ ಮೇಲೆ ಗೆರೆ ಹಾಕುವುದಿಲ್ಲ, ಎಳೆ ಎಣಿಸಿ ಹೊಲಿಯುತ್ತಾರೆ. ಗಂಟು ಹಾಕುವ ಹಾಗಿಲ್ಲ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ. ವಾಪಸ್ ಬರುವಾಗ ಬಿಟ್ಟ ಜಾಗಗಳು ತುಂಬುತ್ತವೆ. ಆಗ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ನೇರ ಗೆರೆಗೆ ಇದು ಸುಲಭ. ತೇರಿನ ಚಿತ್ತಾರ ಹೊಲಿಯುವಾಗ ಅದರ ಕಳಸಕ್ಕೆ ಸೂಜಿ ಹತ್ತಿದರೆ ಇಳಿಯುವ ದಾರಿ ಮೊದಲೇ ಗೊತ್ತಿರಬೇಕು. ಅದಕ್ಕೆ ಗ್ರಾಫ್ ಹಾಳೆಯಲ್ಲಿ ಹೋಗುವ ದಾರಿ ಕೆಂಪು, ಬರುವ ದಾರಿ ನೀಲಿ ಎಂದು ಬರೆದುಕೊಂಡೆ. ನನ್ನ ಸ್ಕೆಚ್‌ಬುಕ್ಕಿನ ಒಳ್ಳೆಯ ಪುಟಗಳು ಅವೇ. ಮಾದರಿ ಮುಗಿದಾಗಲೆಲ್ಲ ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ತೋರಿಸುತ್ತಿದ್ದೆ. ಮುಂದಿನ ಭಾಗ ನೋಡುತ್ತಲೇ ಇರಲಿಲ್ಲ. "ತಿರುವಿ ಹಿಂದಿಂದು ತೋರಸವಾ" ಅನ್ನುತ್ತಿದ್ದರು.

ಇದೇ ಹೊಲಿಗೆ ಇಂಗ್ಲೆಂಡಿನಲ್ಲೂ ಇತ್ತು. ಟ್ಯೂಡರ್ ರಾಜರ ಕಾಲದಲ್ಲಿ (16ನೇ ಶತಮಾನ) ಬಿಳಿ ಲಿನನ್ ಮೇಲೆ ಕಪ್ಪು ರೇಷ್ಮೆಯಲ್ಲಿ ಹೊಲಿಯುತ್ತಿದ್ದರು. ಹ್ಯಾನ್ಸ್ ಹೋಲ್ಬೈನ್ ಬರೆದ ರಾಣಿ ಜೇನ್ ಸೀಮೋರ್ ಚಿತ್ರದಲ್ಲಿ ತೋಳಿನ ಅಂಚು ನೋಡಿ, ಒಂದೊಂದು ಹೊಲಿಗೆಯೂ ಕಾಣುತ್ತದೆ. ಆ ಹೊಲಿಗೆಗೆ ಇಲ್ಲಿ ಅವನದೇ ಹೆಸರು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಆ ಕಪ್ಪು ಕಸೂತಿಯ ಬಟ್ಟೆಗಳಿವೆ, ಟಿಕೆಟ್ ಬೇಕಾಗಿಲ್ಲ. ಒಂದರಿಂದ ಇನ್ನೊಂದು ಬಂತು ಎಂದು ನಾನು ಬರೆಯಲಿಲ್ಲ, ಅದಕ್ಕೆ ಆಧಾರ ಬೇಕು. ಎರಡೂ ಬದಿ ಕಾಣುವ ತೋಳಿನ ಅಂಚಿಗೂ ಸೀರೆಯ ಸೆರಗಿಗೂ ಒಂದೇ ಉಪಾಯ ಹೊಳೆದಿತ್ತು. ಬರಹಕ್ಕೆ ಅಷ್ಟು ಸಾಕಾಯಿತು.

ಆಮೇಲೆ ಮೆಷಿನ್. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಕೆಳಗಿನ ಹಲ್ಲು ಇಳಿಸಿ, ನೀರಿನಲ್ಲಿ ಕರಗುವ ಬಟ್ಟೆಯನ್ನು ರಿಂಗಿಗೆ ಬಿಗಿದು, ಕೈಯಲ್ಲೇ ಓಡಿಸುತ್ತಾ ಗೋಪುರ ಹೊಲಿದೆ. ಗೆರೆಗಳು ಒಂದನ್ನೊಂದು ದಾಟುತ್ತಲೇ ಇರಬೇಕು. ಇಲ್ಲದಿದ್ದರೆ ಬಟ್ಟೆ ಕರಗಿದ ಮೇಲೆ ಬರೀ ದಾರ ಉಳಿಯುತ್ತದೆ. ದಾಟಿದರೆ ಗೋಪುರ ಜೇಡರ ಬಲೆಯ ಹಾಗೆ ತಾನೇ ನಿಲ್ಲುತ್ತದೆ.

ಬೋರ್ಡಿನ ವಿಷಯ ಫೆಬ್ರವರಿ 1ರಿಂದ ಸಿಗುತ್ತದೆ. ತಯಾರಿ ಮುಗಿಸಿ, ಮೇಲ್ವಿಚಾರಣೆಯಲ್ಲಿ 15 ಗಂಟೆ ಒಬ್ಬರೇ ಕೆಲಸ ಮಾಡಬೇಕು. ಅದು ಬೇರೆ ಬೇರೆ ದಿನಗಳಿಗೆ ಹಂಚಿಹೋಗಿರುತ್ತದೆ. ಇಲ್ಲಿ ಹುಷಾರಾಗಿ ಲೆಕ್ಕ ಹಾಕಿ. ಹತ್ತಿ ಬಟ್ಟೆಗೆ ಸೋಡಾ ಆಶ್ ಹಾಕಿದ ಪ್ರೋಸಿಯಾನ್ ಬಣ್ಣ ಹಿಡಿಯಲು ಒಂದು ರಾತ್ರಿ ಬಿಟ್ಟರೆ ಒಳ್ಳೆಯದು. ಹಾಗಾಗಿ ಬಣ್ಣದ ಕೆಲಸ ಮೊದಲ ದಿನವೇ ಮುಗಿಸಿದೆ, ಮೆಷಿನ್ ಕೆಲಸ ನಡುವಿಗೆ. ಕೈಹೊಲಿಗೆ ಕೊನೆಗೆ ಇಟ್ಟುಕೊಂಡೆ: ಅದಕ್ಕೆ ಒಣಗಲು ಕಾಯಬೇಕಾಗಿಲ್ಲ, ಮೆಷಿನ್‌ಗೆ ಸರದಿ ನಿಲ್ಲಬೇಕಾಗಿಲ್ಲ.