ಸೆಲ್ ಎಷ್ಟು ಉಳಿದಿದೆ? ತೋರಿಸಲು ಒಂದು ಕೆಂಪು ದೀಪ ಸಾಕು

ಮಂಡ್ಯ ಕಡೆ ವಿ.ಸಿ. ನಾಲೆ ಬಯಲಿನ ಕಬ್ಬಿನ ಗದ್ದೆಯಲ್ಲಿ ಮಣ್ಣಿನ ತೇವ ನೋಡುವ ಪುಟ್ಟ ಪೆಟ್ಟಿಗೆ ಇಟ್ಟಿದ್ದೆ. ಒಂದು ದಿನ ಅದು ಸುಮ್ನೆ ನಿಂತುಹೋಯಿತು. ಸೆನ್ಸರ್ ಕೆಟ್ಟಿರಬೇಕು ಅಂತ ಎಲ್ಲ ಬಿಚ್ಚಿದೆ, ಮತ್ತೆ ಬೆಸುಗೆ ಹಾಕಿದೆ. ನೋಡಿದರೆ ಸೆಲ್ ಖಾಲಿ! ಅರ್ಧ ದಿನ ಹಾಳಾಯಿತು.

ನನ್ನದು 8 ಮೆಗಾಹರ್ಟ್ಜ್‌ನ ಆರ್ಡುಯಿನೋ ಪ್ರೊ ಮಿನಿ, ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಚಿಪ್ ಬೋರ್ಡು. ಒಂದು 18650 ಅಳತೆಯ ಲಿಥಿಯಂ ಸೆಲ್ ನೇರವಾಗಿ ಅದಕ್ಕೆ ವಿದ್ಯುತ್ ಕೊಡುವ ವಿಸಿಸಿ ಪಿನ್‌ಗೆ ಸೇರಿದೆ. ಈ ಸೆಲ್ ತುಂಬಿದಾಗ 4.2 ವೋಲ್ಟ್. 3 ವೋಲ್ಟ್‌ಗಿಂತ ಕೆಳಗೆ ಇಳಿಸಿದರೆ ಸೆಲ್ಲಿಗೇ ಪೆಟ್ಟು.

ಎಲ್ಲರೂ ಎಡವುವ ಜಾಗ ಒಂದಿದೆ, ನಾನೂ ಎಡವಿದ್ದೆ. ಎರಡು ಸಮ ರೆಸಿಸ್ಟರ್ ಹಾಕಿ ಅರ್ಧ ವೋಲ್ಟೇಜ್ ಓದಿದೆ. ಚಿಪ್ ವೋಲ್ಟೇಜನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಕೊಡುತ್ತದೆ. ಸೆಲ್ ತುಂಬಿದ್ದರೂ 512, ಇಳಿದಿದ್ದರೂ 512! ಚಿಪ್ ಅಳೆಯುವುದು ವಿಸಿಸಿಗೆ ಹೋಲಿಸಿ, ಆ ವಿಸಿಸಿಯೇ ಸೆಲ್ ಅಲ್ವಾ? ಕಣಜದ ಭತ್ತ ಕಮ್ಮಿಯಾದಂತೆ ಅಳೆಯುವ ಸೇರೂ ಚಿಕ್ಕದಾಗುತ್ತಾ ಹೋದ ಹಾಗೆ. ಸೇರಿನ ಲೆಕ್ಕ ಬದಲಾಗುವುದೇ ಇಲ್ಲ.

ಆದ್ದರಿಂದ ಚಿಪ್ಪಿನೊಳಗೇ ಇರುವ 1.1 ವೋಲ್ಟ್ ರೆಫರೆನ್ಸನ್ನು, ಅಂದರೆ ಸೆಲ್ ಇಳಿದರೂ ಬದಲಾಗದ ಅಳತೆಗೋಲನ್ನು, ಬಳಸಿ. ಪ್ರೋಗ್ರಾಮಿನಲ್ಲಿ ಅನಲಾಗ್ ರೆಫರೆನ್ಸನ್ನು ಇಂಟರ್ನಲ್‌ಗೆ ಬದಲಿಸಿ, ಮೊದಲ ಕೆಲವು ಓದುಗಳನ್ನು ಬಿಟ್ಟುಬಿಡಿ. ಸೆಲ್ಲಿನ ಪ್ಲಸ್‌ನಿಂದ ವೋಲ್ಟೇಜ್ ಓದುವ ಎ0 ಪಿನ್‌ಗೆ ಮೂರು 100 ಕಿಲೋಓಮ್ ರೆಸಿಸ್ಟರ್‌ಗಳನ್ನು ಸಾಲಾಗಿ ಹಾಕಿ. ಎ0ದಿಂದ ಗ್ರೌಂಡಿಗೆ, ಅಂದರೆ ಸೆಲ್ಲಿನ ಮೈನಸ್ ಕಡೆಗೆ, ಇನ್ನೊಂದು. ಆಗ 4.2 ವೋಲ್ಟ್ ನಾಲ್ಕರಲ್ಲಿ ಒಂದು ಪಾಲಾಗಿ 1.05ಕ್ಕೆ ಇಳಿಯುತ್ತದೆ. ಹರಿದುಹೋಗುವ ಕರೆಂಟ್ ಬರೀ 10 ಮೈಕ್ರೋಆಂಪಿಯರ್ ಆಸುಪಾಸು. ಎ0 ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮರೆಯಬೇಡಿ, ಇಲ್ಲದಿದ್ದರೆ ಅಂಕಿ ಕುಣಿಯುತ್ತದೆ.

ವೋಲ್ಟೇಜ್ ಬೇಕಾದರೆ ಬಂದ ಅಂಕಿಯನ್ನು 4.4ರಿಂದ (1.1ರ ನಾಲ್ಕು ಪಟ್ಟು) ಗುಣಿಸಿ 1023ರಿಂದ ಭಾಗಿಸಿ. ಆದರೆ ಆ 1.1 ಅನ್ನುವುದು ಚಿಪ್ಪಿನಿಂದ ಚಿಪ್ಪಿಗೆ 1.0ರಿಂದ 1.2ರವರೆಗೆ ಆಚೀಚೆ ಆಗುತ್ತದೆ. ಮಲ್ಟಿಮೀಟರಿನಲ್ಲಿ ಒಮ್ಮೆ ಸೆಲ್ ಅಳೆದು, ನಿಮ್ಮ ಚಿಪ್ಪಿಗೆ ತಕ್ಕಂತೆ 4.4 ಅನ್ನು ತಿದ್ದಿಕೊಳ್ಳಿ. ತುಂಬಿದ ಸೆಲ್ಲಿಗೆ ಅಂಕಿ 1023ರಲ್ಲೇ ಅಂಟಿಕೊಂಡರೆ ಮೇಲಿನ ಸಾಲಿಗೆ ಇನ್ನೊಂದು 100 ಕಿಲೋಓಮ್ ಸೇರಿಸಿ, ಮತ್ತೆ ತಿದ್ದಿ.

ಶೇಕಡಾ ಲೆಕ್ಕದ ಗೋಜಿಗೆ ನಾನು ಹೋಗುವುದಿಲ್ಲ. ಲಿಥಿಯಂ ಸೆಲ್ ಬಹಳ ಹೊತ್ತು 3.7ರ ಆಸುಪಾಸಿನಲ್ಲೇ ಓಡಾಡಿ, ಕೊನೆಗೆ ದಿಢೀರನೆ ಕುಸಿಯುತ್ತದೆ. 3.5ಕ್ಕೆ ಇಳಿದರೆ ಕೆಂಪು ದೀಪ, ಅಷ್ಟೇ. ಪೆಟ್ಟಿಗೆಗೆ ಸಂದೇಶ ಕಳಿಸುವ ರೇಡಿಯೋ ಅಥವಾ ಪಂಪ್ ಹಚ್ಚುವ ರಿಲೇ ಸೇರಿಸಿದ್ದರೆ, ಅವು ಓಡುವಾಗ ವೋಲ್ಟೇಜ್ ಬಗ್ಗುತ್ತದೆ. ಅವು ಸುಮ್ಮನಿದ್ದಾಗ ಹತ್ತು ಸಲ ಓದಿ ಸರಾಸರಿ ತೆಗೆಯಿರಿ.

ದೀಪವನ್ನು ಸದಾ ಉರಿಸಬೇಡಿ. 10 ಮಿಲಿಆಂಪಿಯರ್ ಎಳೆಯುವ ಎಲ್ಇಡಿ 2000 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಸೆಲ್ಲನ್ನು ಎಂಟೇ ದಿನದಲ್ಲಿ ನುಂಗುತ್ತದೆ. 1 ಕಿಲೋಓಮ್ ರೆಸಿಸ್ಟರ್ ಜೊತೆ ಆಗಾಗ ಒಮ್ಮೆ ಮಿಣುಕಿಸಿದರೆ ಸಾಕು. ಪೆಟ್ಟಿಗೆಯನ್ನು ಬದುವಿನ ಕಡೆಗೇ ಇಡಿ, ಕಬ್ಬು ಆಳೆತ್ತರ ಬೆಳೆದ ಮೇಲೆ ಒಳಗೆ ಮಿಣುಕುವ ದೀಪ ಯಾರ ಕಣ್ಣಿಗೂ ಬೀಳುವುದಿಲ್ಲ.