ಸ್ವಿಫ್ಟ್ ಡೀಸೆಲ್ ಎಂಜಿನ್: ಚೈನ್, ಟರ್ಬೊ ಉಳಿಯಬೇಕಾದರೆ ನಾನು ನೋಡುವ ಕೆಲಸಗಳು

2007ರಲ್ಲಿ ಸ್ವಿಫ್ಟ್ ಡೀಸೆಲ್ ಆಗಿ ನಮ್ಮ ರಸ್ತೆಗೆ ಬಂದ 1.3 ಲೀಟರ್ ಎಂಜಿನ್ ಮೂಲತಃ ಫಿಯೆಟ್‌ನ ಮಲ್ಟಿಜೆಟ್. ಯುರೋಪಿನಲ್ಲಿ ಅದು 2003ರಲ್ಲೇ ಬಂದಿತ್ತು. ಇಲ್ಲಿ ಮಾರುತಿ ಅದನ್ನು ಡಿಡಿಐಎಸ್ ಎಂದು ಕರೆದರೆ ಟಾಟಾದವರು ಕ್ವಾಡ್ರಾಜೆಟ್ ಎಂದರು. ಡಿಜೈರ್, ರಿಟ್ಜ್, ಎರ್ಟಿಗಾ, ಇಂಡಿಕಾ ವಿಸ್ಟಾ, ಪುಂಟೊ, ಲೀನಿಯಾ ಎಲ್ಲದರ ಬಾನೆಟ್ ಕೆಳಗೂ ಇದೇ ಇತ್ತು. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂದಾಗ ಮಾರುತಿ ಇದನ್ನು ಕೈಬಿಟ್ಟಿತು. ಆದರೂ ಟ್ಯಾಕ್ಸಿ ಸ್ಟ್ಯಾಂಡ್‌ಗಳಲ್ಲಿ, ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇನ್ನೂ ಧಾರಾಳವಾಗಿದೆ. ಹಾಗಾಗಿ ಇದನ್ನು ನೋಡಿಕೊಳ್ಳುವ ಬಗೆ ತಿಳಿದಿರಬೇಕು.

ಅಳತೆಗಳು ಹೀಗಿವೆ: 1248 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್, ಬೋರ್ 69.6 ಮಿ.ಮೀ., ಸ್ಟ್ರೋಕ್ 82 ಮಿ.ಮೀ. ಫೈರಿಂಗ್ ಆರ್ಡರ್ 1-3-4-2. ನಾಲ್ಕೂ ನಾಜಲ್‌ಗಳಿಗೆ (ಇಂಜೆಕ್ಟರ್) ಡೀಸೆಲ್ ಹಂಚುವ ಪೈಪಾದ ಕಾಮನ್ ರೈಲಿನ ಗರಿಷ್ಠ ಒತ್ತಡ 1600 ಬಾರ್. ಸಾಮಾನ್ಯ ಟರ್ಬೊ ಇರುವ ಸ್ವಿಫ್ಟ್‌ನಲ್ಲಿ 4000 ಆರ್‌ಪಿಎಂಗೆ ಸುಮಾರು 75 ಪಿಎಸ್, 2000 ಆರ್‌ಪಿಎಂಗೆ 190 ನ್ಯೂಟನ್ ಮೀಟರ್ ಟಾರ್ಕ್. ವೇರಿಯಬಲ್ ಟರ್ಬೊ ಹಾಕಿದ ಎಸ್‌ಎಕ್ಸ್4, ಎರ್ಟಿಗಾ, ಸಿಯಾಜ್‌ಗಳಲ್ಲಿ 90 ಪಿಎಸ್, 1750ಕ್ಕೇ 200 ನ್ಯೂಟನ್ ಮೀಟರ್. ಟ್ಯಾಪೆಟ್ ಹೈಡ್ರಾಲಿಕ್ ಆದ್ದರಿಂದ ವಾಲ್ವ್ ಕ್ಲಿಯರೆನ್ಸ್ ಸೆಟ್ ಮಾಡುವ ಕೆಲಸವಿಲ್ಲ. ಪಿಸ್ಟನ್‌ಗಳ ಕ್ರ್ಯಾಂಕ್, ವಾಲ್ವ್ ತೆರೆಯುವ ಕ್ಯಾಮ್ ಎರಡನ್ನೂ ತಾಳೆಯಲ್ಲಿ ಓಡಿಸುವುದೇ ಟೈಮಿಂಗ್; ಅದಕ್ಕೆ ಇರುವುದು ಬೆಲ್ಟ್ ಅಲ್ಲ, ಚೈನ್.

ಈ ಚೈನ್ ಬಗ್ಗೆ ಒಂದು ತಪ್ಪು ನಂಬಿಕೆಯಿದೆ. ಬೆಲ್ಟ್ ಅಲ್ಲವಲ್ಲ, ಅದನ್ನು ಮುಟ್ಟುವುದೇ ಬೇಡ ಅನ್ನುತ್ತಾರೆ. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದೇ ಆಯಿಲ್ ಒತ್ತಡದಿಂದ. ಎಂಜಿನ್ ಹಿಡಿಯುವುದು ಸುಮಾರು 3 ಲೀಟರ್ ಆಯಿಲ್ ಮಾತ್ರ. ಅದರಲ್ಲಿ ಅರ್ಧ ಲೀಟರ್ ಉರಿದು ಹೋದರೆ ಆರನೇ ಒಂದು ಪಾಲೇ ಹೋದಂತೆ. ತಿರುವಿನಲ್ಲಿ, ಏರಿನಲ್ಲಿ ಪಂಪು ಗಾಳಿ ಎಳೆಯತೊಡಗಿದರೆ ಟೆನ್ಷನರ್ ಸಡಿಲವಾಗುತ್ತದೆ, ಚೈನ್ ಗೈಡಿಗೆ ಬಡಿಯುತ್ತದೆ. ಹಳೆಯ ಆಯಿಲ್‌ನಲ್ಲಿ ಸೇರಿದ ಮಸಿ ಚೈನಿನ ಪಿನ್ನುಗಳನ್ನು ಸವೆಸುತ್ತದೆ. ಚೈನ್ ಉದ್ದವಾಯಿತು ಅನ್ನುವುದು ಈ ಸವೆತವನ್ನೇ. ಹಾಗಾಗಿ ನಾನು ಡಿಪ್‌ಸ್ಟಿಕ್ ನೋಡುವುದು ತಿಂಗಳಿಗೊಮ್ಮೆ ಅಲ್ಲ, ಪ್ರತಿ 1000 ಕಿ.ಮೀ.ಗೆ: ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು.

ಆಯಿಲ್ ಬದಲಾಯಿಸಲು 10,000 ಕಿ.ಮೀ.ವರೆಗೆ ಕಾಯುವುದಿಲ್ಲ. ಊರೊಳಗೆ ಓಡುವ ಗಾಡಿಗೆ 7,500ಕ್ಕೇ ಮಾಡುತ್ತೇನೆ, ಫಿಲ್ಟರ್ ಸಮೇತ. ಗ್ರೇಡ್ ಆಯಾ ವರ್ಷದ ಮ್ಯಾನ್ಯುಯಲ್‌ನಲ್ಲಿ ಬರೆದದ್ದೇ ಇರಬೇಕು. ಎಂಜಿನ್ ಬಿಸಿಯಿದ್ದಾಗ ಇಳಿಸಿದರೆ ಮಸಿಯೂ ಜೊತೆಗೆ ಇಳಿಯುತ್ತದೆ. ಫಿಲ್ಟರ್ ಕಾಗದದ ಎಲಿಮೆಂಟ್. ಮುಚ್ಚಳದ ಓ-ರಿಂಗ್ ಹೊಸದನ್ನೇ ಹಾಕಿ, ಅದಕ್ಕೆ ಆಯಿಲ್ ಸವರಿ ಕೂರಿಸಬೇಕು. ಹಳೆಯ ರಿಂಗ್ ಉಳಿಸಿದರೆ ಕೆಲವೇ ದಿನಕ್ಕೆ ಸೋರುತ್ತದೆ. ಮೊದಲು 2.8 ಲೀಟರ್ ಹಾಕಿ, ಸ್ಟಾರ್ಟ್ ಮಾಡಿ ಒತ್ತಡದ ದೀಪ ಆರಿದ್ದನ್ನು ನೋಡಿಕೊಂಡು ನಿಲ್ಲಿಸಿ, ಆಮೇಲೆ ಡಿಪ್‌ಸ್ಟಿಕ್ ನೋಡುತ್ತಾ ಉಳಿದದ್ದು ತುಂಬುತ್ತೇನೆ. ಮೇಲಿನ ಗುರುತು ದಾಟಿಸಬಾರದು. ಹೆಚ್ಚಾದ ಆಯಿಲ್ ಎಂಜಿನ್ನಿನ ಆವಿ ಹೊರಡುವ ಬ್ರೀದರ್ ಪೈಪ್ ಮೂಲಕ, ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರ್ ಸೇರುತ್ತದೆ.

ಚೈನ್ ಹೇಗಿದೆ ಎಂದು ತಿಳಿಯಲು ರಾತ್ರಿಯಿಡೀ ನಿಂತ ಗಾಡಿಯ ಮೊದಲ ಸ್ಟಾರ್ಟ್ ಕೇಳಬೇಕು. ಟೈಮಿಂಗ್ ಕವರ್ ಕಡೆಯಿಂದ ಒಂದು ಸೆಕೆಂಡ್ ಸದ್ದು ಬಂದು ನಿಂತರೆ ನಾನು ಗಮನದಲ್ಲಿ ಇಟ್ಟುಕೊಳ್ಳುತ್ತೇನೆ. ಮೂರ್ನಾಲ್ಕು ಸೆಕೆಂಡ್ ಗರಗರ ಅಂದರೆ, ಅಥವಾ ಬಿಸಿಯಾದ ಮೇಲೂ ಐಡ್ಲಿಂಗ್‌ನಲ್ಲಿ ಕೇಳಿಸಿದರೆ, ಕವರ್ ಬಿಚ್ಚುವ ಕಾಲ ಬಂದಿದೆ. ಸ್ಕ್ಯಾನರ್‌ನಲ್ಲಿ ಪಿ0016 ಬಂದರೆ ಕ್ರ್ಯಾಂಕ್‌ಗೂ ಕ್ಯಾಮ್‌ಗೂ ತಾಳೆಯಾಗುತ್ತಿಲ್ಲ ಎಂದು ಅರ್ಥ. ಸೆನ್ಸರ್, ವೈರಿಂಗ್ ಸರಿಯಿದ್ದರೆ ಮುಂದಿನ ಅನುಮಾನ ಚೈನಿನ ಮೇಲೇ. ಆಮೇಲೆ ನೋಡೋಣ ಅನ್ನಬೇಡಿ. ಚೈನ್ ಹಲ್ಲು ಜಾರಿದರೆ ಪಿಸ್ಟನ್ ವಾಲ್ವಿಗೆ ತಾಗುತ್ತದೆ. ಎಷ್ಟೋ ಸಲ ರಾಕರ್ ಆರ್ಮ್‌ಗಳು ಮೊದಲು ಮುರಿದು ವಾಲ್ವ್ ಉಳಿಯುತ್ತದೆ, ಆದರೆ ಆ ಅದೃಷ್ಟ ನಂಬಿ ಗಾಡಿ ಓಡಿಸುವಂತಿಲ್ಲ.

ಬದಲಾಯಿಸುವಾಗ ಚೈನ್ ಒಂದನ್ನೇ ಹಾಕಬಾರದು. ಎರಡೂ ಸ್ಪ್ರಾಕೆಟ್, ಟೆನ್ಷನರ್, ಗೈಡ್‌ಗಳು, ಮುಂದಿನ ಕ್ರ್ಯಾಂಕ್ ಸೀಲ್ ಸೇರಿ ಇಡೀ ಕಿಟ್ ಬೇಕು. ಸವೆದ ಸ್ಪ್ರಾಕೆಟ್ ಹೊಸ ಚೈನನ್ನು ಬೇಗ ಕೆಡಿಸುತ್ತದೆ. ಕ್ರ್ಯಾಂಕ್ ಮತ್ತು ಕ್ಯಾಮ್‌ಗಳನ್ನು ಲಾಕ್ ಪಿನ್ ಹಾಕಿ ನಿಲ್ಲಿಸಿಯೇ ಬೋಲ್ಟ್ ಬಿಗಿಯಬೇಕು. ಬಣ್ಣದ ಗುರುತು ಹಾಕಿಕೊಂಡು ಅಂದಾಜಿನಲ್ಲಿ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಸವೆದ ಚೈನ್ ಮೇಲೆ ಹಾಕಿದ ಗುರುತೇ ಮೊದಲು ತಪ್ಪಾಗಿರುತ್ತದೆ. ಕವರ್‌ಗೆ ಹಚ್ಚುವ ಗ್ಯಾಸ್ಕೆಟ್ ಪೇಸ್ಟ್ 2-3 ಮಿ.ಮೀ. ಗೆರೆಯಷ್ಟೇ ಸಾಕು. ಒಳಗೆ ಉಬ್ಬಿದ ಪೇಸ್ಟ್ ಕಿತ್ತು ಬಂದು ತಳದ ಆಯಿಲ್ ಚೇಂಬರಿನ ಜಾಲರಿಗೆ ಸಿಕ್ಕಿಕೊಂಡರೆ, ಯಾವ ತೊಂದರೆ ತಪ್ಪಿಸಲು ಇಷ್ಟೆಲ್ಲ ಬಿಚ್ಚಿದೆವೋ ಅದೇ ಮರಳಿ ಬರುತ್ತದೆ. ಜೋಡಿಸಿದ ಮೇಲೆ ಸ್ಪ್ಯಾನರ್‌ನಿಂದ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಪಿನ್‌ಗಳು ಮತ್ತೆ ಸರಾಗವಾಗಿ ಕೂರುತ್ತವೆಯೇ ನೋಡಬೇಕು. ಕೂರದಿದ್ದರೆ ಸೆಲ್ಫ್ ಹೊಡೆಯಬೇಡಿ.

ಟರ್ಬೊ ಕೆಟ್ಟಿದೆ ಎಂದು ಬರುವ ಗಾಡಿಗಳಲ್ಲಿ ಮೊದಲು ನೋಡಬೇಕಾದದ್ದು ಟರ್ಬೊ ಅಲ್ಲ, ಹೋಸ್. ಪಿಕಪ್ ಇಲ್ಲ, ಕಪ್ಪು ಹೊಗೆ, ಟರ್ಬೊ ಒತ್ತಡ ಸಾಲದು ಅನ್ನುವ ಪಿ0299 ಕೋಡ್: ಇಂಟರ್‌ಕೂಲರ್ ಹೋಸ್ ಕ್ಲ್ಯಾಂಪ್ ಹತ್ತಿರ ಸೀಳಿದ್ದರೂ ಇವೇ ಲಕ್ಷಣ. ಸೀಳಿದ ಕಡೆ ಹೊರಗೆ ಎಣ್ಣೆಯ ಜಿಡ್ಡು ಕಾಣುತ್ತದೆ. ಹೋಸ್ ಸರಿಯಿದ್ದರೆ ಟರ್ಬೊದ ಶಾಫ್ಟ್ ಮುಟ್ಟಿ ನೋಡಿ. ಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇರುವುದು ಸಹಜ. ಹಿಂದೆ ಮುಂದೆ ಎಳೆದಾಗ ಆಟ ಗೊತ್ತಾದರೆ, ಅಥವಾ ಎಲೆಗಳು ಗೋಡೆಗೆ ತಾಗಿದ ಗೀರು ಇದ್ದರೆ, ಬದಲಿಸಬೇಕು. ಆಗ ಆಯಿಲ್ ಫೀಡ್ ಪೈಪ್ ಕೂಡ ಹೊಸದೇ ಹಾಕುತ್ತೇನೆ. ಒಳಗೆ ಕರಕಲು ಕಟ್ಟಿದ ಹಳೆಯ ಪೈಪ್ ಬಿಟ್ಟರೆ ಹೊಸ ಟರ್ಬೊ ಕೂಡ ಆಯಿಲ್ ಸಿಗದೆ ಸಾಯುತ್ತದೆ. ಚಾರ್ಮಾಡಿ, ಶಿರಾಡಿ ಹತ್ತಿ ಬಂದ ತಕ್ಷಣ ಕೀ ತಿರುಗಿಸಿ ಆಫ್ ಮಾಡದೆ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಬೇರಿಂಗ್‌ನಲ್ಲಿ ನಿಂತ ಆಯಿಲ್ ಸುಟ್ಟು ಕರಕಲಾಗುವುದು ಅಲ್ಲೇ.

ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಬಿಡುವ ಇಜಿಆರ್ ವಾಲ್ವ್ ಮಸಿ ಕಟ್ಟಿದರೆ ಐಡ್ಲಿಂಗ್ ಏರಿಳಿಯುತ್ತದೆ. ಬಿಚ್ಚಿ ಕ್ಲೀನರ್ ಹೊಡೆದು ಮರದ ಕಡ್ಡಿಯಿಂದ ಕೆರೆದು ಹೊಸ ಗ್ಯಾಸ್ಕೆಟ್ ಹಾಕಿದರೆ ಮುಗಿಯಿತು.

ಡೀಸೆಲ್ ಫಿಲ್ಟರ್‌ಗೆ ಜಿಪುಣತನ ಬೇಡ. 1600 ಬಾರ್‌ನ ನಾಜಲ್ ಒಂದು ಚೂರು ನೀರನ್ನೂ ಸಹಿಸುವುದಿಲ್ಲ. ನಾನು 20,000 ಕಿ.ಮೀ.ಗೆ ಬದಲಾಯಿಸುತ್ತೇನೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಕೆಳಗಿನ ಸ್ಕ್ರೂ ಬಿಚ್ಚಿ ನೀರು ಇಳಿಸುತ್ತೇನೆ. ಹೊಸ ಫಿಲ್ಟರ್‌ಗೆ ಡಬ್ಬದಿಂದ ಡೀಸೆಲ್ ಸುರಿಯಬಾರದು, ಆ ಕಸ ನೇರ ಪಂಪಿಗೇ ಹೋಗುತ್ತದೆ. ಕೈಪಂಪು ಇರುವ ಮಾದರಿಯಲ್ಲಿ ಅದು ಗಟ್ಟಿಯಾಗುವವರೆಗೆ ಒತ್ತಿದರೆ ಗಾಳಿ ಹೊರಡುತ್ತದೆ.

ನಾಜಲ್ ಅನುಮಾನವಿದ್ದರೆ ನಾಲ್ಕು ರಿಟರ್ನ್ ಪೈಪ್‌ಗಳಿಗೆ ನಾಲ್ಕು ಬಾಟಲಿ ಕಟ್ಟಿ ಎರಡು ನಿಮಿಷ ಐಡ್ಲಿಂಗ್ ಬಿಡಿ. ಯಾವ ಬಾಟಲಿಯಲ್ಲಿ ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚು ತುಂಬಿತೋ ಆ ನಾಜಲ್ಲೇ ಕೆಟ್ಟದ್ದು. ನಾಜಲ್‌ನ ಬುಡದಲ್ಲಿ ಕರಿ ಟಾರಿನಂಥ ಅಂಟು, ಜೊತೆಗೆ ಚುಸ್ ಚುಸ್ ಸದ್ದು ಇದ್ದರೆ ತಪ್ಪು ನಾಜಲ್‌ನದಲ್ಲ, ಕೆಳಗಿನ ತಾಮ್ರದ ವಾಷರ್‌ದು. ಹೊಸ ನಾಜಲ್ ಹಾಕಿದಾಗ ಅದರ ಮೇಲಿನ ಕೋಡನ್ನು ಸ್ಕ್ಯಾನರ್‌ನಿಂದ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಕೊಡಬೇಕು. ಎಂಜಿನ್ ಓಡುತ್ತಿರುವಾಗ ಹೈ ಪ್ರೆಷರ್ ಪೈಪಿನ ನಟ್ ಮಾತ್ರ ಸಡಿಲಿಸಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ನಿಲ್ಲಿಸಿದ ಮೇಲೂ ಕೆಲವು ನಿಮಿಷ ಕಾದು ಕೈ ಹಾಕಿ.