ಬಣ್ಣಕ್ಕೂ ಮೊದಲು ಗೋಡೆ: ಮಲೆನಾಡಿನ ಮನೆಯಲ್ಲಿ ನನ್ನ ಅನುಭವ

ಈ ಸಲ ಮನೆಯ ಹೊರಗೋಡೆಗೆ ಬಣ್ಣ ಹೊಡೆಸಲು ಹೊರಟಾಗ ಮೊದಲು ಕೂಲಿ ಲೆಕ್ಕವನ್ನು ಎರಡು ಮಾಡಿದೆ. ಬಣ್ಣ ಹೊಡೆಯುವುದು ಚದರಡಿ ಲೆಕ್ಕ. ಕೆರೆಯುವುದು, ತೊಳೆಯುವುದು, ಬಿರುಕು ಮುಚ್ಚುವುದು ದಿನಗೂಲಿ. ಎಲ್ಲವನ್ನೂ ಒಂದೇ ಗುತ್ತಿಗೆಗೆ ಸೇರಿಸಿದರೆ ಕೆರೆಯುವ ಪ್ರತಿ ಗಂಟೆಯೂ ಪೇಂಟರಿಗೆ ನಷ್ಟ. ಆಗ ಅವರು ಬೇಗ ಬಣ್ಣದ ಡಬ್ಬ ತೆರೆಯುವುದು ಸಹಜ, ಅಲ್ವಾ? ದಿನಗೂಲಿ ಎಂದ ಮೇಲೆ ಅವರಿಗೂ ಅವಸರವಿರಲಿಲ್ಲ, "ಇಲ್ಲಿ ಇನ್ನೊಂದು ಸಲ ಕೆರೀರಿ ಅಣ್ಣ" ಅನ್ನಲು ನನಗೂ ಸಂಕೋಚವಿರಲಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆಯ ಜಂಬಿಟ್ಟಿಗೆ ಮನೆ. ಮೇಲೆ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಹಳೇ ಸಿಮೆಂಟ್ ಪೇಂಟ್, ಆಮೇಲೆ ಎಮಲ್ಷನ್, ಅಂದರೆ ನೀರು ಬೆರೆಸಿ ಹೊಡೆಯುವ ಬಣ್ಣ. ಮಳೆಗಾಲದ ಎರಚಲೆಲ್ಲ ಪಶ್ಚಿಮದ ಗೋಡೆಗೇ ಬಡಿಯುತ್ತದೆ. ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು. ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಹಾಗಾಗಿ ದೀಪಾವಳಿ ಕಳೆದ ಕೂಡಲೇ ಶುರು ಮಾಡಲಿಲ್ಲ, ಚಳಿಗಾಲದ ಒಣಗಾಳಿ ಬರುವವರೆಗೆ ಕಾದೆ. ಒಣಗಿದೆಯಾ ಎಂದು ನೋಡಲು ಒಂದೂವರೆ ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಟ್ಟೆ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ನೀರು ಬಿಡುತ್ತಿದೆ ಎಂದರ್ಥ.

ತೇವ ಎಲ್ಲಿಂದ ಬರುತ್ತದೆ ಎಂದೂ ಹುಡುಕಬೇಕು. ನಮ್ಮಲ್ಲಿ ಮಾಡಿನ ದೋಣಿಯ ಒಂದು ಜೋಡಣೆ ಸೋರುತ್ತಿತ್ತು, ಸಜ್ಜಾದ ಅಡಿಯಲ್ಲಿ ನೀರು ತೊಟ್ಟಿಕ್ಕುವ ಗೀರು ಮುಚ್ಚಿಹೋಗಿತ್ತು. ಆ ಗೀರು ಇಲ್ಲದಿದ್ದರೆ ನೀರು ಸಜ್ಜಾದಡಿ ಹರಿದು ಗೋಡೆಗೇ ಇಳಿಯುತ್ತದೆ. ಇವೆರಡನ್ನೂ ಮೊದಲು ಸರಿ ಮಾಡಿಸಿದೆ.

ಕಪ್ಪು ಕಲೆ ಧೂಳೋ ಪಾಚಿಯೋ ಎಂಬ ಅನುಮಾನ ಬಂದರೆ ಬ್ಲೀಚಿಂಗ್ ಪೌಡರ್ ನೀರನ್ನು ಸ್ವಲ್ಪ ಹಚ್ಚಿ ನೋಡಿ. ಕಲೆ ಬಿಳಿಚಿಕೊಂಡರೆ ಪಾಚಿ ಅಥವಾ ಬೂಸ್ಟು. ಅದರ ಮೇಲೆ ಸುಮ್ನೆ ಬಣ್ಣ ಹೊಡೆದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಕಾಣಿಸುತ್ತದೆ. ನಾವು ಆ ನೀರನ್ನು ಗೋಡೆಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಗಡಸು ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆದೆವು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಗೋಡೆ ಪಕ್ಕದ ಗಿಡಗಳಿಗೂ ಟಾರ್ಪಾಲ್ ಹೊದಿಸಿದ್ದೆವು. ಬ್ಲೀಚಿಂಗ್ ಜೊತೆ ಆಸಿಡ್ ಮಾತ್ರ ಎಂದಿಗೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಜೋರು ನೀರಿನ ಮಷಿನ್ ತರುತ್ತೇವೆ ಎಂದರು ಪೇಂಟರ್‌ಗಳು, ನಾನು ಬೇಡವೆಂದೆ. ಬಿರುಕುಬಿಟ್ಟ ಹಳೇ ಪ್ಲಾಸ್ಟರಿಗೆ ಅದು ನೀರನ್ನು ಒಳಗೇ ನುಗ್ಗಿಸುತ್ತದೆ. ಬುಡದಲ್ಲಿ ಬಿಳಿ ಉಪ್ಪು ಎದ್ದ ಜಾಗವನ್ನು ತೊಳೆಯದೆ, ಒಣ ಬ್ರಷ್‌ನಿಂದ ಗುಡಿಸಿ ತೆಗೆಸಿದೆ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ.

ನಿಜವಾದ ಶ್ರಮ ಇರುವುದು ಕೆರೆಯುವುದರಲ್ಲಿ. ಅಂಗೈಯಿಂದ ಗೋಡೆ ಒರೆಸಿದಾಗ ಪುಡಿ ಅಂಟಿದರೆ ಹೊಸ ಬಣ್ಣ ಹಿಡಿಯುವುದು ಆ ಪುಡಿಯನ್ನೇ, ಗೋಡೆಯನ್ನಲ್ಲ. ಪಶ್ಚಿಮದ ಗೋಡೆಯಲ್ಲಿ ಎಮಲ್ಷನ್ ಹಾಳೆಯಂತೆ ಎದ್ದು ಬಂತು, ಅದರ ಹಿಂಭಾಗಕ್ಕೆ ಸಿಮೆಂಟ್ ಪೇಂಟಿನ ಪುಡಿ ಮೆತ್ತಿಕೊಂಡಿತ್ತು. ಅಲ್ಲಿ ಪ್ಲಾಸ್ಟರ್ ಕಾಣುವವರೆಗೂ ಕೆರೆಸಿದೆ. ಪೂರ್ವದ ಗೋಡೆಯಲ್ಲಿ ಹಳೇ ಬಣ್ಣ ಗಟ್ಟಿಯಾಗಿತ್ತು, ಸ್ಯಾಂಡ್ ಪೇಪರ್ ಉಜ್ಜಿದ್ದೇ ಸಾಕಾಯಿತು. ಕಿಟಕಿಯ ಕಂಬಿಗಳನ್ನು ಮಾತ್ರ ಒಣಗಿದ್ದಾಗ ಉಜ್ಜಲು ಬಿಡಲಿಲ್ಲ, ನೀರು ಸವರಿ ಉಜ್ಜಿಸಿದೆ. ಮನೆ ಬಣ್ಣಗಳಲ್ಲಿ ವಿಷಕಾರಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಆಯಿಲ್ ಪೇಂಟಿನ ಧೂಳು ಮಕ್ಕಳಿರುವ ಅಂಗಳಕ್ಕೆ ಬೀಳಬಾರದು.

ಆಮೇಲೆ ಸುತ್ತಿಗೆಯ ಹಿಡಿಯಿಂದ ಗೋಡೆ ಪೂರ್ತಿ ತಟ್ಟಿ, ಟೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದೆ. ಗಾರೆ ಮೇಸ್ತ್ರಿ ಅಷ್ಟನ್ನೂ ಒಡೆದು ಹೊಸ ಪ್ಲಾಸ್ಟರ್ ಮಾಡಿದರು. ಒಂದು ವಾರ ನೀರುಣಿಸಿ, ಒಟ್ಟು 28 ದಿನ ಹಾಗೇ ಬಿಟ್ಟೆವು. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಕೆಡಿಸುತ್ತದೆ. ಕೂದಲೆಳೆಯ ಬಿರುಕನ್ನೂ ಹಾಗೇ ಸವರಿ ಮುಚ್ಚದೆ, 'ವಿ' ಆಕಾರಕ್ಕೆ ಅಗಲಿಸಿ, ಧೂಳು ತೆಗೆದು, ಹೊರಗೋಡೆಗೆಂದೇ ಬರುವ ಕ್ರ್ಯಾಕ್ ಫಿಲ್ಲರ್ ತುಂಬಿದೆವು. ಕಾಂಕ್ರೀಟ್ ಪಿಲ್ಲರೂ ಜಂಬಿಟ್ಟಿಗೆಯೂ ಸೇರುವಲ್ಲಿ ಬಿಸಿಲಿಗೆ ಎರಡೂ ಬೇರೆ ಬೇರೆಯಾಗಿ ಹಿಗ್ಗುತ್ತವೆ. ಅಲ್ಲಿ ಜಾಲರಿ ಕೂರಿಸಿ ಪ್ಲಾಸ್ಟರ್ ಮಾಡಿಸಿದೆ.

ಪುಟ್ಟಿ ವಿಷಯದಲ್ಲಿ ಸ್ವಲ್ಪ ಚರ್ಚೆಯಾಯಿತು. ಗೋಡೆ ಪೂರ್ತಿ ಪುಟ್ಟಿ ಎಳೆದರೆ ನುಣುಪಾಗಿ ಕಾಣುತ್ತದೆ ಎಂದರು ಪೇಂಟರ್. ಮಲೆನಾಡಿನ ಮಳೆಗೆ ಮೈಯೊಡ್ಡುವ ಗೋಡೆಗೆ ನುಣುಪು ಯಾಕೆ? ಪದರ ಜಾಸ್ತಿಯಾದಷ್ಟೂ ಕಿತ್ತುಬರುವುದಕ್ಕೆ ಜಾಗ ಜಾಸ್ತಿ. ಹಳ್ಳಗಳಿಗೆ ಮಾತ್ರ ಬಿಳಿ ಸಿಮೆಂಟಿನ ಪುಟ್ಟಿ ತೆಳುವಾಗಿ ಹಾಕಿಸಿದೆ.

ಬಣ್ಣಕ್ಕೂ ಮೊದಲಿನ ತಳಪದರವಾದ ಪ್ರೈಮರ್ ಹೊಡೆಯುವಾಗ ನೆರಳನ್ನು ಹಿಂಬಾಲಿಸಿದೆವು. ಬೆಳಗ್ಗೆ ಪಶ್ಚಿಮದ ಗೋಡೆ, ಮಧ್ಯಾಹ್ನದ ಮೇಲೆ ಪೂರ್ವದ್ದು. ಬಚ್ಚಲಿನ ಹಿಂಬದಿಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಇನ್ನೂ ಹನಿ ಕಾಣುತ್ತಿತ್ತು, ಪೈಪು ಸೋರುತ್ತಿತ್ತು. ಅಷ್ಟು ಭಾಗ ಬಿಟ್ಟು ಉಳಿದದ್ದಕ್ಕೆ ಬಣ್ಣ ಹೊಡೆಸಿದೆ. ಪೈಪು ಬದಲಾಯಿಸಿ ಗೋಡೆ ಒಣಗಿದ ಮೇಲೆ ಅದಕ್ಕೂ ಪ್ರೈಮರ್ ಹಾಕಿದರಾಯಿತು. ಅಲ್ಲಿಗೂ ಇದೇ ಬಣ್ಣ ಸಿಗಲೆಂದು ಬಣ್ಣದ ನಂಬರ್ ಬರೆದಿಟ್ಟುಕೊಂಡಿದ್ದೇನೆ.